ಮಂಜುಗಾಜು ಮತ್ತು ದೇವಮ್ಮನ ಕಣ್ಣು

ನನ್ನ ಅಂಗಿಯ ಎಡಜೇಬಿನಲ್ಲಿ ಪೆನ್ನು, ಬಸ್ಸಿನ ಟಿಕೀಟು, ಹೆಂಡತಿ ಬರೆದುಕೊಟ್ಟ ಸಂತೆಯ ಚೀಟಿ ಇವುಗಳ ಜೊತೆಗೆ ಪುಟ್ಟ ಹಪ್ಪಳದಷ್ಟು ಅಗಲದ ಒಂದು ದುಂಡನೆಯ ಗಾಜೂ ಇರುತ್ತದೆ. ಎರಡು ಸಲ ಅದು ಅಂಗಿಯ ಸಮೇತ ಬಕೀಟಿಗೆ ಇಳಿದು, ನನ್ನಾಕೆಯ ಕೈಯಲ್ಲಿ ಸೋಪು ಹಚ್ಚಿಸಿಕೊಂಡು ಎದ್ದು ಬಂದಿದೆ. ಎರಡನೆಯ ಸಲ ಆಕೆ ಅದನ್ನು ಸೆರಗಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟು ಒರೆಸಿದರೂ ಇದರ ಮಬ್ಬು ಹೋಗುತ್ತಿಲ್ಲವಲ್ಲ ಎಂದು ಚಿಂತಿಸಿದಳು. ಆ ಮಬ್ಬಿಗಾಗಿಯೇ ಅದನ್ನು ಕೊಂಡದ್ದು ಎಂದೆ. ಆಗ ಆಕೆ ನನ್ನನ್ನು ನೋಡಿದ ನೋಟದಲ್ಲಿ ಮಾತ್ರ ಯಾವ ಮಬ್ಬೂ ಇರಲಿಲ್ಲ.

ಆಕೆಯನ್ನು ದೂರಿ ಫಲವಿಲ್ಲ ಬಿಡಿ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವನು ನಾನು. ಆ ಆಯುಷ್ಯವೆಲ್ಲ ಚಿತ್ರ ಚೊಕ್ಕಟವಾಗಿ, ಮೂಗಿನ ನತ್ತಿನ ಹರಳೂ ಎಣಿಸುವಂತೆ ಬರಲಿ ಎಂದು ಒಂದಾದ ಮೇಲೊಂದು ಲೆನ್ಸು ಕೊಳ್ಳುವುದರಲ್ಲೇ ಹೋಯಿತು. ಈಗ ಅಷ್ಟು ತೀಕ್ಷ್ಣವಾದ ಲೆನ್ಸಿನ ಮುಂದೆ ಮತ್ತೆ ದುಡ್ಡು ಕೊಟ್ಟು ಒಂದು ಮಬ್ಬು ಗಾಜನ್ನು ತಿರುಗಿಸಿ ಕೂಡಿಸುವುದೇ ಹೊಸ ಕಾಲದ ಕಲೆ. ಡಿಫ್ಯೂಷನ್ ಫಿಲ್ಟರ್ ಎಂದು ಅದರ ಹೆಸರು. ನಾನು ಮಂಜುಗಾಜು ಎನ್ನುತ್ತೇನೆ. ಬೆಳಕನ್ನು ಅದು ನೇರ ಒಳಗೆ ಬಿಡದೆ ತುಸು ಚದುರಿಸಿ ಬಿಡುತ್ತದೆ. ದೀಪದ ಸುತ್ತ ಉಂಗುರ ಹುಟ್ಟುತ್ತದೆ, ಕೆನ್ನೆಯ ಕುಳಿ ಕರಗುತ್ತದೆ, ಬೆವರೂ ಕಾಂತಿಯಾಗುತ್ತದೆ. ವರ್ಷದ ಬಹುಪಾಲು ಬಿಸಿಲನ್ನೇ ಉಂಡು ಹೊದೆಯುವ ನಮ್ಮ ಸೀಮೆಯವರು ಮಂಜನ್ನು ಅಂಗಡಿಯಿಂದಲೇ ತರಬೇಕಷ್ಟೆ.

ನಾನೂ ಕೊಂಡು ತಂದೆ. ಅರೆಕಾಲು, ಕಾಲು, ಅರ್ಧ ಎಂದು ಮೂರು ಅಳತೆಯಲ್ಲಿ ಅದು ಬರುತ್ತದೆ. ಅರೆಕಾಲೆಂದರೆ ಎಂಟರಲ್ಲೊಂದು ಪಾಲು, ಇದ್ದೂ ಇಲ್ಲದಂತಹ ಮಂಜು. ಅರ್ಧವೆಂದರೆ ಕಣ್ಣಿಗೆ ಕಾಣುವ ಮಂಜು. ಮುಖಕ್ಕೆ ಅರೆಕಾಲು ಸಾಕು ಎಂದು ಬಲ್ಲವರು ಹೇಳಿದ್ದರು. ಆದರೆ ಕೊಟ್ಟ ಕಾಸಿಗೆ ಏನೂ ಕಾಣದಿದ್ದರೆ ಜೀವ ಒಪ್ಪೀತೆ? ಮೂರನ್ನೂ ಕೊಂಡು, ಅರ್ಧದ್ದನ್ನೇ ಹೆಚ್ಚು ಪ್ರೀತಿಸಿದೆ.

ಆ ಪ್ರೀತಿಗೆ ಮೊದಲು ಸಿಕ್ಕವನು ಸುರಪುರದ ಮಲ್ಲು. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡುವ ಹುಡುಗ, ಮದುವೆ ಗೊತ್ತಾಗಿತ್ತು. ಕಿಡಿ ಸಿಡಿದು ಅವನ ಬಲಗೆನ್ನೆಯ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಕಲೆಗಳಿದ್ದವು. ಸ್ಟುಡಿಯೋಕ್ಕೆ ಒಬ್ಬನೇ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ಈ ಕಲೆ ಕಾಣದಂತೆ ತೆಗೆಯಲು ಆಗುತ್ತದೆಯೇ ಎಂದು ಕೇಳಿದ. ಮದುಮಗಳು ಕೇಳುವುದನ್ನು ಮದುಮಗನೇ ಕೇಳಿದಾಗ ನನಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಅರ್ಧದ ಗಾಜನ್ನು ಲೆನ್ಸಿಗೆ ಕೂಡಿಸಿ ಒಂದು ಚಿತ್ರ ತೆಗೆದು ತೋರಿಸಿದೆ. ಅವನು ಬಹಳ ಹೊತ್ತು ಅದನ್ನೇ ನೋಡಿ, ಮದುವೆಯನ್ನೆಲ್ಲ ಹೀಗೇ ತೆಗೆಯಬೇಕೆಂದ.

ಹಾಗೆಯೇ ತೆಗೆದೆ. ವನದುರ್ಗದ ಕೋಟೆಯಲ್ಲಿ ಮದುವೆಗೆ ಮುಂಚೆ ಜೋಡಿಯನ್ನು ನಿಲ್ಲಿಸಿ ತೆಗೆದದ್ದು ಮುಂಜಾವಿನ ಎಳೆಬಿಸಿಲಿನಲ್ಲಿ. ಅದು ಸೊಗಸಾಗಿಯೇ ಬಂತು. ಅದರ ಅಮಲಿನಲ್ಲೇ ಮದುವೆಯ ದಿನ ಗಾಜನ್ನು ಲೆನ್ಸಿನಿಂದ ಇಳಿಸಲೇ ಇಲ್ಲ. ಮಟಮಟ ಮಧ್ಯಾಹ್ನ, ಮೇಲೆ ಬಿಳಿ ಪೆಂಡಾಲು, ಹಿಂದೆ ಸಾಲು ದೀಪ. ಅಂಥಲ್ಲಿ ಈ ಗಾಜು ಸಿಕ್ಕ ಬೆಳಕನ್ನೆಲ್ಲ ಹಾಲಿನಂತೆ ಹರಡಿಬಿಡುತ್ತದೆ ಎಂಬುದು ಕ್ಯಾಮೆರಾದ ಬೆನ್ನಿನ ಅಂಗೈಯಗಲದ ಪರದೆಯಲ್ಲಿ ಗೊತ್ತಾಗಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಮಲ್ಲುವಿನ ಅಜ್ಜಿ ದೇವಮ್ಮ ಮೊಮ್ಮಗನ ಗಲ್ಲ ಹಿಡಿದು ಮುಖವನ್ನೇ ನೋಡುತ್ತ ನಿಂತಳು. ಜನ ಹಿಂದಿನಿಂದ ನೂಕುತ್ತಿದ್ದರೂ ಕೈ ಬಿಡಲಿಲ್ಲ. ಅದನ್ನೂ ತೆಗೆದೆ.

ಆಕೆ ಹಾಗೇಕೆ ನಿಂತಳೆಂಬುದು ನನಗೆ ತಿಳಿದದ್ದು ಆಲ್ಬಮ್ ಕೊಟ್ಟು ವಾರವಾದ ಮೇಲೆ. ಒಂದು ಬೆಳಿಗ್ಗೆ ಮಲ್ಲು ಅಜ್ಜಿಯನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದ. ಯಾದಗಿರಿಯ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ದಾರಿಯಲ್ಲಿ, ಕಟ್ಟು ಹಾಕಿಸಲು ಕೊಟ್ಟಿದ್ದ ದೊಡ್ಡ ಫೋಟೋ ಒಯ್ಯೋಣವೆಂದು ಇಳಿದಿದ್ದರು. ಅಜ್ಜಿ ಕುರ್ಚಿಯಲ್ಲಿ ಕೂತಳು. ಮಲ್ಲು ತಗ್ಗಿದ ದನಿಯಲ್ಲಿ ಕಥೆ ಹೇಳಿದ. ಮೊಮ್ಮಗನ ಮದುವೆಯನ್ನು ಕಣ್ತುಂಬ ನೋಡಬೇಕೆಂದು ಹಟ ಹಿಡಿದು ಆಕೆ ಮದುವೆಗೆ ಮುಂಚೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಎಲ್ಲ ಸರಿಯಾಗಿತ್ತು. ಆಲ್ಬಮ್ ನೋಡಿದ ದಿನದಿಂದ ಮಾತು ಬಿಟ್ಟಳು, ಊಟ ಕಡಿಮೆ ಮಾಡಿದಳು. ಕೊನೆಗೆ ಹೊಸ ಸೊಸೆ ನೋಡಿದಾಗ, ಅಜ್ಜಿ ಆಲ್ಬಮನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಣ್ಣು ಮುಚ್ಚಿ, ಮತ್ತೊಂದು ಕಣ್ಣು ಮುಚ್ಚಿ, ಸೆರಗಿನಿಂದ ಹಾಳೆ ಒರೆಸಿ ಒರೆಸಿ ನೋಡುತ್ತಿದ್ದಳಂತೆ.

“ಮೋತಿಬಿಂದು ಮತ್ತ ಹೊಳ್ಳಿ ಬಂದದ ಅಂತ ಅಳಾಕತ್ತಾಳ್ರಿ ಸರ,” ಎಂದ ಮಲ್ಲು. “ಎರಡು ದಿನ ನಮಗ ಹೇಳೇ ಇಲ್ಲ. ಮತ್ತ ಖರ್ಚು, ಮತ್ತ ಓಡಾಟ ಅಂತ ಒಳಗ ಇಟ್ಕೊಂಡಾಳ.”

ಆ ಮಾತು ಕೇಳಿದಾಗ ನನ್ನ ಜೇಬಿನಲ್ಲಿದ್ದ ಗಾಜು ಕೆಂಡವಾಯಿತು. ಓದುಗ ಮಿತ್ರರೆ, ಹೇಳದೆ ಸುಮ್ಮನಿದ್ದುಬಿಡಬಹುದಿತ್ತು. ಡಾಕ್ಟರು ಕಣ್ಣು ಸರಿಯಿದೆ ಎನ್ನುತ್ತಿದ್ದರು, ಅಜ್ಜಿ ಒಂದಿಷ್ಟು ನಂಬಿ ಒಂದಿಷ್ಟು ನಂಬದೆ ಮನೆಗೆ ಹೋಗುತ್ತಿದ್ದಳು, ನನ್ನ ಕಲೆಯ ಮಾನವೂ ಉಳಿಯುತ್ತಿತ್ತು. ಆ ಯೋಚನೆ ಒಮ್ಮೆ ತಲೆಗೆ ಬಂದದ್ದು ನಿಜ. ಆದರೆ ಆಕೆ ಗೋಡೆಯ ಕ್ಯಾಲೆಂಡರನ್ನು ಹೆದರಿ ಹೆದರಿ ನೋಡುತ್ತ, ಅದು ನಿಚ್ಚಳವಾಗಿ ಕಂಡದ್ದನ್ನೂ ನಂಬದೆ ಕಣ್ಣುಜ್ಜಿಕೊಳ್ಳುತ್ತಿದ್ದಳು. ನಾನು ಗಾಜನ್ನು ತೆಗೆದು ಆಕೆಯ ಕಣ್ಣ ಮುಂದೆ ಹಿಡಿದು, ಉರಿಯುವ ಬಲ್ಬನ್ನು ನೋಡಿರೆಂದೆ. ನೋಡಿದಳು. ಗಾಜನ್ನು ಸರಿಸಿ, ಈಗ ನೋಡಿರೆಂದೆ. ಮತ್ತೆ ಹಿಡಿದೆ, ಮತ್ತೆ ಸರಿಸಿದೆ. ಮೂರನೆಯ ಸಲಕ್ಕೆ ಆಕೆ ಗಾಜನ್ನು ನನ್ನ ಕೈಯಿಂದಲೇ ಕಸಿದುಕೊಂಡು ತಾನೇ ಹಿಡಿದು ನೋಡಿದಳು.

“ಇದು ನನ್ನ ಹಳೀ ಕಣ್ಣ ಅದ,” ಎಂದಳು.

ತಪ್ಪೆಲ್ಲ ಒಪ್ಪಿಕೊಂಡೆ. ಇದನ್ನು ಹಾಕಿಯೇ ಮದುವೆಯನ್ನೆಲ್ಲ ತೆಗೆದದ್ದು, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಎಂದೆ. ಲೆನ್ಸಿನ ಮುಂದೆಯೇ ಚದುರಿಹೋದ ಬೆಳಕನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹೊಂದಿಸಿ ತರಲಾಗದು, ಗಲ್ಲ ಹಿಡಿದು ನಿಂತ ಆ ಚಿತ್ರ ಇನ್ನು ಚೊಕ್ಕಟವಾಗುವುದಿಲ್ಲ ಎಂಬುದನ್ನೂ ಹೇಳಿದೆ. ಮಲ್ಲುವಿಗೆ ಸಿಟ್ಟು ಬಂದಿತ್ತು; ಆದರೆ ಮಂಜು ಬೇಡಿದವನು ತಾನೇ ಆದ್ದರಿಂದ ಕೆನ್ನೆಯನ್ನಷ್ಟೇ ಸವರಿಕೊಂಡ. ಅಜ್ಜಿ ಮಾತ್ರ ನಕ್ಕಳು. ವಾರದ ನಗೆಯೆಲ್ಲ ಒಟ್ಟಿಗೇ ಬಂದಂತೆ, ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕಳು.

“ನಾ ಅವತ್ತು ಛಲೋ ನೋಡೀನಿ ತಮ್ಮಾ. ಇವನ ಗಲ್ಲದ ಮ್ಯಾಲಿನ ಒಂದೊಂದು ಕಲಿನೂ ನೋಡೀನಿ. ಇಷ್ಟು ಸುಟ್ಕೊಂಡು ದುಡೀತಾನ ಅಂತ ಅವತ್ತೇ ಗೊತ್ತಾತು ನನಗ. ಮೋತಿಬಿಂದು ಬಂದಿದ್ದು ನಿನ್ನ ಕ್ಯಾಮೆರಾಕ್ಕ.”

ಮಲ್ಲು ಬೀದಿಯ ಕಡೆ ಮುಖ ತಿರುಗಿಸಿ ನಿಂತ. ನಾನೂ ಕ್ಯಾಮೆರಾದ ಚೀಲದಲ್ಲಿ ಏನನ್ನೋ ಹುಡುಕುವವನಂತೆ ಬಗ್ಗಿದೆ.

ಪರಿಹಾರವೆಂದು ಆಕೆಯದೇ ಒಂದು ಫೋಟೋ ತೆಗೆದುಕೊಡುತ್ತೇನೆಂದೆ. ಯಾವ ಗಾಜೂ ಇಲ್ಲದ ಬರಿಯ ಲೆನ್ಸಿನಿಂದ, ಕಿಟಕಿಯ ಬೆಳಕಿನಲ್ಲಿ, ನನ್ನ ಪ್ರಾಯಶ್ಚಿತ್ತವೆಲ್ಲ ಅದರಲ್ಲಿ ಬರುವಂತೆ ಕ್ಲಿಕ್ಕಿಸಿದೆ. ದೊಡ್ಡ ಪರದೆಯಲ್ಲಿ ತೋರಿಸಿದೆ. ಹಣೆಯ ಗೆರೆಗಳು ಉತ್ತ ಹೊಲದಂತೆ ಸಾಲುಸಾಲಾಗಿ ಬಂದಿದ್ದವು. ಗಲ್ಲದ ಹಚ್ಚೆಯ ಮೂರು ಚುಕ್ಕಿ, ತುಟಿಯ ಬಿರುಕು ಒಂದೂ ತಪ್ಪಿರಲಿಲ್ಲ. ಇದಕ್ಕಿಂತ ಒಳ್ಳೆಯ ಮುಖಚಿತ್ರ ನಾನು ತೆಗೆದಿಲ್ಲವೆಂದು ಈಗಲೂ ಅನ್ನಿಸುತ್ತದೆ. ಆಕೆ ಬಹಳ ಹೊತ್ತು ನೋಡಿದಳು. ಪೊರೆ ಬಂದ ಇಷ್ಟು ವರ್ಷಗಳಲ್ಲಿ ಕನ್ನಡಿ ಆಕೆಗೆ ಹಳೆಯ ಮುಖವನ್ನೇ ತೋರಿಸುತ್ತ ಬಂದಿರಬೇಕು. ಆಮೇಲೆ ಮೊಮ್ಮಗ ಇನ್ನೂ ಬೀದಿಯ ಕಡೆಗೇ ನಿಂತಿದ್ದಾನೆಂದು ಖಾತ್ರಿ ಮಾಡಿಕೊಂಡು ನನ್ನ ಕಡೆ ಬಾಗಿದಳು.

“ಆ ಗಾಜು ಹಾಕಿ ಒಂದು ತಗೀತೀ ಏನು?”

ನಾನು ಮೂರನ್ನೂ ಮೇಜಿನ ಮೇಲಿಟ್ಟೆ. ಒಂದೊಂದನ್ನೇ ಎತ್ತಿ ಬಲ್ಬಿಗೆ ಹಿಡಿದು, ಸಂತೆಯಲ್ಲಿ ಬದನೆಕಾಯಿ ಆರಿಸುವಷ್ಟು ಎಚ್ಚರದಿಂದ ನೋಡಿದಳು. ಅರ್ಧದ್ದನ್ನು ದೂರ ನೂಕಿದಳು, ಕಾಲಿನದನ್ನು ಕೆಳಗಿಟ್ಟಳು. ನಾನು ಇಷ್ಟು ವರ್ಷ ಕ್ಯಾಮೆರಾ ಹಿಡಿದೂ ಆರಿಸಲಾಗದ ಅರೆಕಾಲಿನದನ್ನು ಆಕೆ ನನ್ನ ಅಂಗೈಯಲ್ಲಿಟ್ಟಳು.

“ಇದು ಇರ್ಲಿ. ಭಾಳ ಮಬ್ಬು ಬ್ಯಾಡ. ನಾನಂತ ನನಗ ಗುರ್ತು ಸಿಗಬೇಕು.”

ಅದನ್ನು ಹಾಕಿ ಇನ್ನೊಂದು ತೆಗೆದು, ಎರಡನ್ನೂ ಮುದ್ರಿಸಿ ಕೈಗಿತ್ತೆ. ಯಾದಗಿರಿಗೆ ಹೋಗುವ ಬಸ್ಸಿನ ಹಾರ್ನು ಕೇಳುತ್ತಿತ್ತು. ಇಲ್ಲಿತನಕ ಬಂದದ್ದಕ್ಕೆ ಡಾಕ್ಟರಿಗೂ ಒಮ್ಮೆ ಕಣ್ಣು ತೋರಿಸಿಯೇ ಹೋಗೋಣವೆಂದು ಮಲ್ಲು ಅವಸರ ಮಾಡುತ್ತಿದ್ದ. ದೇವಮ್ಮ ಅವಸರ ಮಾಡಲಿಲ್ಲ. ಬರಿಯ ಲೆನ್ಸಿನ ಚಿತ್ರವನ್ನು ಮೊಮ್ಮಗನ ಕೈಗೆ ಕೊಟ್ಟು, ಇದು ಪಿಂಚಣಿ ಆಫೀಸಿಗೆ ಇರಲಿ ಎಂದಳು. ಅರೆಕಾಲಿನದನ್ನು ಮಾತ್ರ ಮಡಿಕೆ ಬೀಳದಂತೆ ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಎದ್ದು, ಸ್ಟುಡಿಯೋದ ಗೋಡೆಗೆ ತೂಗುಹಾಕಿದ್ದ ಫೋಟೋಗಳ ಕಡೆ ಕಣ್ಣು ಹಾಯಿಸಿದಳು.

“ಇದು ಗ್ವಾಡಿಗಿ.”