ಹಡಗು ನಿಲ್ಲದ ದಿನಗಳು

ಕೆರಿಬಿಯನ್ ಕಡೆ ಹಡಗಿನಲ್ಲಿ ಒಂದು ವಾರ ತಿರುಗಾಡಿ ಬರೋಣ ಎಂದು ಮೊದಲು ಹೇಳಿದ್ದು ನನ್ನ ಗಂಡ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅವರು ತಾವಾಗಿ ಬಾಯಿಬಿಟ್ಟು ಕೇಳಿದ ಮೊದಲ ಆಸೆ ಅದು. ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ಬೇಡ ಎನ್ನಲಾಗದ ಸಿಟ್ಟನ್ನೆಲ್ಲ ನಾನು ದಿನಗಳ ಹಂಚಿಕೆಯ ಮೇಲೆ ತೀರಿಸಿಕೊಂಡೆ.

ಇಂಥ ಪ್ರವಾಸದಲ್ಲಿ ಎರಡು ಬಗೆಯ ದಿನಗಳಿರುತ್ತವೆ. ಹಡಗು ಬೆಳಿಗ್ಗೆ ಯಾವುದೋ ದ್ವೀಪದ ಬಂದರಿಗೆ ಬಂದು ನಿಲ್ಲುತ್ತದೆ, ಜನ ಇಳಿದು ಊರು ಸುತ್ತಿ ಸಂಜೆಯೊಳಗೆ ವಾಪಸು ಹತ್ತುತ್ತಾರೆ. ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಹಡಗು ಎಲ್ಲೂ ನಿಲ್ಲುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸುತ್ತಲೂ ನೀರು, ಅಷ್ಟೇ. ನನ್ನ ಗಂಡನಿಗೆ ಈ ಎರಡನೆಯ ಬಗೆಯ ದಿನಗಳೇ ಹೆಚ್ಚು ಬೇಕಿತ್ತು. ಅವರು ಕುಂದಾಪುರದ ಕಡೆಯವರು. ಮಾವನವರು ಮೀನುಗಾರಿಕೆಯ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರೂ ಒಂದು ದಿನವೂ ಕಡಲಿಗೆ ಹೋದವರಲ್ಲ, ಮಗನನ್ನು ಹೋಗಲು ಬಿಟ್ಟವರೂ ಅಲ್ಲ. ದಡದಲ್ಲಿ ನಿಂತು ಬೋಟುಗಳು ಚಿಕ್ಕದಾಗುತ್ತಾ ಕಾಣೆಯಾಗುವುದನ್ನು ನೋಡಿಯೇ ಬೆಳೆದದ್ದು ತಾವು ಎಂದು ನನ್ನ ಗಂಡ ಹೇಳುತ್ತಿದ್ದರು. ಒಂದು ಸಲವಾದರೂ ದಡ ಕಾಣದ ಜಾಗದಲ್ಲಿ ಕೂತು ನೋಡಬೇಕಂತೆ.

ನನಗೆ ಬೇಕಿದ್ದದ್ದು ದಿನಕ್ಕೊಂದು ಬಂದರು. ಕೊಟ್ಟ ಕಾಸಿಗೆ ಎಲ್ಲ ಊರೂ ನೋಡಿಬಿಡಬೇಕೆನ್ನುವ ಆಸೆಬುರುಕಿ ಎಂದು ಮನೆಯವರೆಲ್ಲ ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ನಾನು ಒಂದೊಂದು ದ್ವೀಪದ ಹೆಸರು ಹಾಕಿ ಹುಡುಕುತ್ತಿದ್ದದ್ದು ಕೋಟೆಯನ್ನೂ ಅಲ್ಲ, ಮರಳ ದಂಡೆಯನ್ನೂ ಅಲ್ಲ. ಬಂದರಿನಿಂದ ಆಸ್ಪತ್ರೆ ಎಷ್ಟು ದೂರ ಎಂದು ಹುಡುಕುತ್ತಿದ್ದೆ.

ಇದಕ್ಕೆ ಕಾರಣ ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ. ನಮ್ಮ ಮನೆ ಸಿಯಾಟಲ್ ಹತ್ತಿರದ ಸ್ನೊಕ್ವಾಲ್ಮಿ ಎಂಬ ಊರಿನಲ್ಲಿ, ಬೆಟ್ಟದ ಮೇಲಿನ ಬಡಾವಣೆಯಲ್ಲಿದೆ. ಅವತ್ತು ಗ್ಯಾರೇಜಿನ ಮುಂದೆ ಬಿದ್ದ ಹಿಮವನ್ನು ತಳ್ಳಿ ಒಳಗೆ ಬಂದವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಗ್ಯಾಸ್ ಇರಬೇಕು, ಸ್ವಲ್ಪ ಓಮದ ಕಷಾಯ ಮಾಡು ಎಂದರು. ನಮ್ಮಂಥವರ ಮನೆಯಲ್ಲಿ ಎದೆ ಹಿಡಿದರೆ ಅದು ಮೊದಲು ಗ್ಯಾಸೇ. ಬೆನ್ನು ಹಿಡಿದರೂ ಗ್ಯಾಸೇ. ಕಷಾಯ ಕುಡಿದರು, ದೊಡ್ಡದಾಗಿ ಒಂದು ತೇಗು ತೆಗೆದರು, ನೋಡು ಇಳಿಯಿತು ಎಂದರು. ನಾನು ನೆಮ್ಮದಿಯಿಂದ ಉಪ್ಪಿಟ್ಟಿಗೆ ರವೆ ಹುರಿಯಲು ಹೋದೆ. ಮಧ್ಯಾಹ್ನದ ಹೊತ್ತಿಗೆ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೋವು ಒಂದು ಕ್ಷಣವೂ ಇಳಿದಿರಲಿಲ್ಲ ಎಂದು ಆಮೇಲೆ ಅವರೇ ಡಾಕ್ಟರ ಮುಂದೆ ಹೇಳಿದರು. ಆ ತೇಗು ನನ್ನನ್ನು ಸಮಾಧಾನ ಮಾಡಲು ತೆಗೆದ ಸುಳ್ಳು ತೇಗು. ಆಸ್ಪತ್ರೆ ಇದ್ದದ್ದು ಬೆಟ್ಟ ಇಳಿದರೆ ಸಿಗುವಷ್ಟು ಹತ್ತಿರದಲ್ಲಿ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಲ್ಲಿಂದ ಮುಂದೆ ನಾನು ಕಾವಲುಗಾರ್ತಿಯಾದೆ. ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಆಫೀಸು ಕಟ್ಟಡದಲ್ಲಿ ಮೀಟಿಂಗಿಗೆ ಕೂತಾಗಲೂ ನನ್ನ ಒಂದು ಕಣ್ಣು ಫೋನಿನ ಮೇಲೆ, ಅವರ ಕೈಗಡಿಯಾರದಿಂದ ಬರುವ ನಾಡಿಯ ಲೆಕ್ಕದ ಮೇಲೆ. ಮನೆಗೆ ಬಂದು ಹೇಗಿದೀರಿ ಎಂದು ಕೇಳಿದರೆ ಒಂದೇ ಉತ್ತರ: “ಎಂತ ಇಲ್ಲ ಮಾರಾಯ್ತಿ.” ಊರಿನ ಮಾತು ಅವರ ಬಾಯಲ್ಲಿ ಉಳಿದಿರುವುದು ಇಷ್ಟೇ. ಅದೂ ನನಗೆ ಸುಳ್ಳು ಹೇಳಲು ಬಳಕೆಯಾಗುತ್ತದೆ.

ನಮ್ಮ ಹತ್ತಿರದ ಊರಾದ ಡುವಾಲ್‌ನಲ್ಲಿ ನನಗೊಬ್ಬ ಗೆಳತಿಯಿದ್ದಾಳೆ, ಮಂಗಳೂರಿನ ಕ್ರಿಶ್ಚಿಯನ್ನರ ಮನೆಯವಳು. ಮನೆಯ ಹಿಂದೆ ಕೋಳಿ ಸಾಕಿಕೊಂಡಿದ್ದಾಳೆ, ವರ್ಷಕ್ಕೊಂದು ಸಲ ಕೋಳಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಗಂಡನೊಂದಿಗೆ ಹಡಗು ಹತ್ತುತ್ತಾಳೆ. ಸಲಹೆ ಕೇಳಲು ಅವಳ ಮನೆಗೆ ಹೋಗಿದ್ದೆ. ಮೂರು ದಿನ ಸಾಲಾಗಿ ಬಂದರು ಇಟ್ಟುಕೊಂಡರೆ ನಾಯಿಪಾಡು, ನಡುನಡುವೆ ಸಮುದ್ರದ ದಿನ ಇರಲೇಬೇಕು, ಆಗಲೇ ಮೈಗೆ ವಿಶ್ರಾಂತಿ ಎಂದಳು. ಬಂದರಿನ ದಿನವೂ ಇಳಿಯಲೇಬೇಕು ಅಂತಿಲ್ಲ, ಎಲ್ಲರೂ ಇಳಿದ ಮೇಲೆ ಹಡಗೆಲ್ಲ ನಿಮ್ಮದೇ ಎಂದೂ ಹೇಳಿದಳು. ನಾನು ಎಲ್ಲದಕ್ಕೂ ತಲೆಯಾಡಿಸಿ, ಮನೆಗೆ ಬಂದು ಮೂರು ಬಂದರು ಸಾಲಾಗಿರುವ ಹಡಗನ್ನೇ ಗಟ್ಟಿ ಹಿಡಿದೆ. ನನ್ನ ಗಂಡ ತರಕಾರಿ ಅಂಗಡಿಯಲ್ಲಿ ನಿಂತವರ ಹಾಗೆ ಚೌಕಾಸಿ ಮಾಡಿದರು. ಸಿಯಾಟಲ್‌ನಲ್ಲಿರುವ ಮಗಳು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, “ಅಮ್ಮಾ, ಜಸ್ಟ್ ಲೆಟ್ ಹಿಮ್ ಹ್ಯಾವ್ ದ ಸೀ” ಎಂದಳು. ಕೊನೆಗೆ ಮೊದಲ ದಿನ ಸಮುದ್ರ, ಆಮೇಲೆ ಸಾಲಾಗಿ ನನ್ನ ಮೂರು ಬಂದರು, ಕೊನೆಯಲ್ಲಿ ಎರಡು ದಿನ ಅವರ ಸಮುದ್ರ ಎಂದು ರಾಜಿಯಾಯಿತು. ಗೆದ್ದವಳು ನಾನೇ ಎಂದುಕೊಂಡಿದ್ದೆ.

ಫ್ಲೋರಿಡಾದಲ್ಲಿ ಹಡಗು ಹತ್ತುವಾಗಲೇ ನನ್ನ ಮೊದಲ ಸೋಲಾಯಿತು. ಅವರಿಗೆ ದಿನಕ್ಕೊಂದು ಹೊತ್ತಾದರೂ ಗಂಜಿ ಇರಲಿ ಎಂದು ಕುಚ್ಚಲಕ್ಕಿ, ಉಪ್ಪಿನಕಾಯಿ, ಜೊತೆಗೊಂದು ಪುಟ್ಟ ರೈಸ್ ಕುಕ್ಕರ್ ಪೆಟ್ಟಿಗೆಯಲ್ಲಿ ತುಂಬಿದ್ದೆ. ಬೆಂಕಿಯ ಭಯಕ್ಕೆ ಹಡಗಿನ ಕೋಣೆಗಳಲ್ಲಿ ಬಿಸಿಯಾಗುವ ಯಾವ ಯಂತ್ರವನ್ನೂ ಇಡಲು ಬಿಡುವುದಿಲ್ಲವಂತೆ. ತಪಾಸಣೆಯವರು ಕುಕ್ಕರನ್ನು ಎತ್ತಿಟ್ಟು, ಇಳಿಯುವಾಗ ತೆಗೆದುಕೊಂಡು ಹೋಗಿ ಎಂದು ಚೀಟಿ ಕೊಟ್ಟರು. ಹೃದ್ರೋಗಿಗೆ ಅನ್ನ ಮಾಡುವುದು ಅಪರಾಧವೇ ಎಂದು ನಾನು ಅಲ್ಲೇ ವಾದಕ್ಕೆ ನಿಂತೆ. ಹಿಂದೆ ಸಾಲು ಬೆಳೆಯಿತು. ಪಕ್ಕದಲ್ಲಿ ನನ್ನ ಗಂಡ ಕಣ್ಣೀರು ಬರುವಷ್ಟು ನಗುತ್ತಿದ್ದರು. ಚಳಿಗಾಲದಿಂದೀಚೆಗೆ ಅವರು ಹಾಗೆ ನಕ್ಕಿರಲಿಲ್ಲ, ಹಾಗಾಗಿ ಕುಕ್ಕರ್ ಹೋದರೆ ಹೋಗಲಿ ಎಂದು ಸುಮ್ಮನಾದೆ.

ಮೊದಲ ಸಮುದ್ರದ ದಿನ ನಾನು ಮಾಡಿದ ಮೊದಲ ಕೆಲಸ ಹಡಗಿನ ಚಿಕಿತ್ಸಾಲಯ ಯಾವ ಅಂತಸ್ತಿನಲ್ಲಿದೆ ಎಂದು ಹುಡುಕಿದ್ದು. ಬಾಗಿಲು ಚಿಕ್ಕದಾಗಿತ್ತು. ಇಷ್ಟು ಜನರಿಗೆ ಇಷ್ಟೇ ಆಸ್ಪತ್ರೆಯೇ ಎಂದುಕೊಂಡೆ. ಮೇಲೆ ನನ್ನ ಗಂಡ ನೆರಳಿರುವ ಕಡೆ ಕುರ್ಚಿ ಹಾಕಿಕೊಂಡು ನೀರನ್ನು ನೋಡುತ್ತಾ ಕೂತಿದ್ದರು. ಏನು ಕಾಣುತ್ತಿದೆ ಎಂದು ಕೇಳಿದೆ. ಏನೂ ಕಾಣುತ್ತಿಲ್ಲ, ಅದೇ ಚೆನ್ನಾಗಿದೆ ಎಂದರು. ನಾನು ಪುಸ್ತಕ ತೆರೆದು ಒಂದೇ ಪುಟವನ್ನು ಸಂಜೆಯವರೆಗೆ ಹಿಡಿದುಕೊಂಡಿದ್ದೆ. ಅಷ್ಟು ನೀರು, ಎಲ್ಲೂ ಒಂದು ದೀಪದ ಕಂಬವಿಲ್ಲ. ಆ ದಿನವನ್ನು ನಾನು ಮನಸಾರೆ ದ್ವೇಷಿಸಿದೆ.

ಬಂದರುಗಳು ಶುರುವಾದಾಗ ನನಗೆ ಉಸಿರು ಬಂತು. ಮೊದಲ ಎರಡು ಊರುಗಳಲ್ಲಿ ಚೆನ್ನಾಗಿಯೇ ಓಡಾಡಿದೆವು. ಮೂರನೆಯ ದಿನ ಅವರು ಇಳಿಯುವುದು ಬೇಡ, ಹಡಗಿನಲ್ಲೇ ಇರೋಣ ಎಂದರು. ನಾನು ಕೇಳಲಿಲ್ಲ. ಗುಡ್ಡದ ಮೇಲಿನಿಂದ ಇಡೀ ದ್ವೀಪ ಕಾಣುವ ಜಾಗಕ್ಕೆ ಬಸ್ಸಿನಲ್ಲಿ ಹೊರಟೆವು. ದಾರಿ ಸುತ್ತಿ ಸುತ್ತಿ ಹತ್ತುತ್ತಿತ್ತು, ಬಿಸಿಲು ಕಿಟಕಿಯ ಮೇಲೇ ಬೀಳುತ್ತಿತ್ತು. ಅವರು ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೂತಿದ್ದರು. ಕುತ್ತಿಗೆಯಲ್ಲಿ ಬೆವರಿತ್ತು. ಏನಾಯಿತು ಎಂದೆ.

“ಎಂತ ಇಲ್ಲ ಮಾರಾಯ್ತಿ. ಸೆಖೆ.”

ನಾನು ನೀರು ಕೊಟ್ಟೆ, ಕರವಸ್ತ್ರ ಕೊಟ್ಟೆ. ಅಷ್ಟರಲ್ಲಿ ರಸ್ತೆಯ ಬದಿಗೆ ಆಸ್ಪತ್ರೆಯ ಫಲಕ ಕಂಡಿತು. ಅವರಿಗೆ ಧೈರ್ಯ ಬರಲಿ ಎಂದು, ನೋಡಿ, ಆಸ್ಪತ್ರೆ ಇಲ್ಲೇ ಇದೆ ಎಂದು ಬೆರಳು ಮಾಡಿ ತೋರಿಸಿದೆ. ಅವರು ಆ ಫಲಕವನ್ನು ನೋಡಿದರು. ಬಸ್ಸು ಅದನ್ನು ದಾಟುವವರೆಗೂ ನೋಡಿದರು. ಆಮೇಲೆ ನೇರ ಕೂತು, ಮೇಲೆ ಹೋಗಿ ಒಂದು ಫೋಟೋ ತೆಗೆಯೋಣ ಎಂದು ನಗುಮುಖ ಮಾಡಿದರು. ಆ ಫೋಟೋ ನನ್ನ ಬಳಿ ಇದೆ. ಅದರಲ್ಲಿ ನಾನು ಮಾತ್ರ ನಿಜವಾಗಿ ನಗುತ್ತಿದ್ದೇನೆ.

ಸಂಜೆ ಹಡಗು ಹೊರಟಾಗ ಅವರು ಕಂಬಿ ಹಿಡಿದುಕೊಂಡು ದ್ವೀಪ ಪೂರ್ತಿ ಮರೆಯಾಗುವವರೆಗೆ ನಿಂತಿದ್ದರು. ಊರು ಅಷ್ಟು ಇಷ್ಟವಾಯಿತೇ ಎಂದು ನಾನು ತಮಾಷೆ ಮಾಡಿದೆ. ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ, ಸುತ್ತ ಎಲ್ಲೂ ನೆಲವಿಲ್ಲದಾಗ, ಚಮಚ ಕೆಳಗಿಟ್ಟು ಹೇಳಿದರು.

“ನಿನ್ನೆ ಬಸ್ಸಲ್ಲಿ ಎದೆ ಹಿಡಿದ ಹಾಗಾಗಿತ್ತು. ಚಳಿಗಾಲದಲ್ಲಿ ಆಗಿದ್ದ ಹಾಗೇ.”

ನನಗೆ ಸಿಟ್ಟು ಉಕ್ಕಿ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರೂ ನಾನು ಲೆಕ್ಕಿಸಲಿಲ್ಲ. “ನಿನ್ನೆ ಯಾಕೆ ಹೇಳ್ಲಿಲ್ಲ? ಆಸ್ಪತ್ರೆ ಎದುರಿಗೇ ಇತ್ತಲ್ರೀ. ನಾನೇ ತೋರಿಸಿದ್ನಲ್ಲ.”

“ಅದಕ್ಕೇ ಹೇಳ್ಲಿಲ್ಲ. ಹೇಳಿದ್ರೆ ಅಲ್ಲೇ ಇಳಿಸಿಬಿಡ್ತಿದ್ರು, ಹಡಗು ಹೋಗಿಬಿಡ್ತಿತ್ತು. ಇವತ್ತು ಇಳಿಸೋಕೆ ಊರೇ ಇಲ್ವಲ್ಲ, ಅದಕ್ಕೆ ಹೇಳ್ತಿದೀನಿ.”

ನಾನು ಜಗಳವಾಡಿ ಗಳಿಸಿದ್ದ ಬಂದರುಗಳೇ ಅವರ ಬಾಯಿ ಮುಚ್ಚಿಸಿದ್ದವು. ಒಂದೊಂದು ಊರಿಗೂ ಆಸ್ಪತ್ರೆ ಹುಡುಕಿಟ್ಟ ನನಗೆ ಇದೊಂದು ಹೊಳೆದಿರಲಿಲ್ಲ.

ಆ ಚಿಕ್ಕ ಬಾಗಿಲಿನ ಒಳಗೆ ಹೋದೆವು. ಹಡಗಿನ ಡಾಕ್ಟರ್ ಎದೆಗೆ ತಂತಿಗಳನ್ನು ಅಂಟಿಸಿದರು, ರಕ್ತ ತೆಗೆದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆಯಬೇಕು ಎಂದರು. ಕಾಯುವಾಗ ನಾನು ಮಂಚದ ಪಕ್ಕದಲ್ಲೇ ಕೂತಿದ್ದೆ. ಆ ಕೋಣೆಯಲ್ಲಿ ನನ್ನನ್ನು ಆಚೆ ಕಳಿಸಲು ಜಾಗವೂ ಇರಲಿಲ್ಲ. ಅವರು ಚಾವಣಿ ನೋಡುತ್ತಾ, ಚಳಿಗಾಲದ ಆ ದಿನದ ಬಗ್ಗೆ ಮೊದಲ ಬಾರಿಗೆ ಮಾತಾಡಿದರು.

“ಅವತ್ತು ನಿನ್ನನ್ನ ಬಾಗಿಲಲ್ಲೇ ನಿಲ್ಲಿಸಿದ್ರು. ನನ್ನನ್ನ ತಳ್ಳಿಕೊಂಡು ಹೋದ್ರು. ಮಲಗಿಸಿದ್ರಲ್ಲ, ತಿರುಗಿ ನೋಡೋಕೂ ಆಗ್ಲಿಲ್ಲ. ಮುಗೀತು, ಇನ್ನು ಇವಳನ್ನ ನೋಡಲ್ಲ ಅಂದ್ಕೊಂಡೆ. ನಿನ್ನೆ ಆ ಆಸ್ಪತ್ರೆ ಫಲಕ ನೋಡಿದಾಗ ಅದೇ ಬಾಗಿಲು ನೆನಪಾಯ್ತು.”

ನಾನು ಅವತ್ತು ಬಾಗಿಲ ಈಚೆ ಕಳೆದ ಹೊತ್ತನ್ನು ಎಷ್ಟೋ ಜನರ ಮುಂದೆ ಹೇಳಿಕೊಂಡು ಅತ್ತಿದ್ದೇನೆ. ಬಾಗಿಲ ಆಚೆ ಹೇಗಿತ್ತು ಎಂದು ಅವರನ್ನು ಒಂದು ಸಲವೂ ಕೇಳಿರಲಿಲ್ಲ. ನಾಡಿ ಎಷ್ಟು, ಮಾತ್ರೆ ಆಯಿತೇ, ಉಪ್ಪು ಹೆಚ್ಚಾಯಿತೇ ಎಂದಷ್ಟೇ ಕೇಳುತ್ತಿದ್ದೆ.

ಎರಡನೆಯ ಸಲದ ರಕ್ತವೂ ಹೆದರುವಂಥದ್ದೇನನ್ನೂ ತೋರಿಸಲಿಲ್ಲ. ಬಿಸಿಲಿಗೆ, ದಣಿವಿಗೆ ಹೃದಯ ಎಚ್ಚರಿಕೆ ಕೊಟ್ಟಿದೆ, ನಾಲಿಗೆಯ ಕೆಳಗಿಡುವ ಮಾತ್ರೆ ಜೇಬಿನಲ್ಲೇ ಇರಲಿ, ಊರಿಗೆ ಹೋದ ಕೂಡಲೇ ನಿಮ್ಮ ಡಾಕ್ಟರನ್ನು ನೋಡಿ ಎಂದು ಹೇಳಿ ಕಳಿಸಿದರು. ಉಳಿದ ಸಮುದ್ರದ ದಿನವನ್ನು ಒಂದೇ ಕಡೆ ಕೂತು ಕಳೆದೆವು. ಅವರು ತಮ್ಮ ಮೈಯ ಸುದ್ದಿಯನ್ನೆಲ್ಲ ಹೇಳುತ್ತಾ ಹೋದರು. ಎಡ ಮೊಣಕಾಲು, ಬೆಳಗಿನ ತಲೆಸುತ್ತು, ಮೆಟ್ಟಿಲು ಹತ್ತುವಾಗ ಬರುವ ಏದುಸಿರು, ಎಲ್ಲ. ಒಂದೊಂದು ಮಾತಿಗೂ ನನಗೆ ಹೆದರಿಕೆಯಾಗುತ್ತಿತ್ತು. ಆದರೂ ಸಾಕು ಎನ್ನಲಿಲ್ಲ. ಇಡೀ ಚಳಿಗಾಲ ಈ ಮಾತಿಗಾಗಿಯೇ ನಾನು ಬಾಗಿಲು ಬಡಿಯುತ್ತಿದ್ದೆ. ಇನ್ನೆರಡು ದಿನ ಇಂಥವು ಇರಬಾರದಿತ್ತೇ ಎಂದು ಆಸೆಪಟ್ಟೆ.

ಇಳಿಯುವಾಗ ಚೀಟಿ ಕೊಟ್ಟು ಕುಕ್ಕರ್ ಬಿಡಿಸಿಕೊಂಡೆವು. ಊರಿಗೆ ಬಂದ ಮೇಲೆ ಡಾಕ್ಟರು ಒಂದು ಮಾತ್ರೆ ಬದಲಿಸಿ, ಇನ್ನೊಂದಿಷ್ಟು ಪರೀಕ್ಷೆ ಬರೆದುಕೊಟ್ಟರು. ಡುವಾಲ್‌ನ ಗೆಳತಿ ಫೋನ್ ಮಾಡಿ, ಬಂದರು ಜಾಸ್ತಿಯಾಯಿತು ತಾನೇ ಎಂದು ಕೇಳಿದಳು. ಹೌದು, ಸಮುದ್ರ ಇನ್ನೂ ಬೇಕಿತ್ತು ಎಂದೆ. ಅವಳಿಗೆ ತನ್ನ ಮಾತು ಗೆದ್ದ ಖುಷಿ. ಕಾರಣವನ್ನು ನಾನು ಹೇಳಲಿಲ್ಲ.

ಮನೆಗೆ ಬಂದ ಕೆಲವೇ ದಿನಗಳಲ್ಲಿ ಎಲ್ಲ ಮೊದಲಿನಂತಾಯಿತು. ಎಂತ ಇಲ್ಲ ಮಾರಾಯ್ತಿ. ನಾನು ಕೆಲಸಕ್ಕೆ ಹೊರಡುವಾಗ ಎಂತ ಇಲ್ಲ, ಬಂದಾಗಲೂ ಎಂತ ಇಲ್ಲ. ಇಲ್ಲಿ ಬೆಟ್ಟ ಇಳಿದರೆ ಆಸ್ಪತ್ರೆ. ಈ ಮನೆ ಕೊಳ್ಳುವಾಗ ಅದೊಂದು ಅನುಕೂಲ ಎಂದು ನಾನೇ ಹೇಳಿದ್ದೆ. ಈಗ ಆ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ, ನನ್ನ ಗಂಡ ಮುಖ ತಿರುಗಿಸಿಕೊಳ್ಳುವುದು ಕಾಣುತ್ತದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಅವರು ಹಿತ್ತಲಿನಲ್ಲಿ ಎಲೆ ಗುಡಿಸುತ್ತಿದ್ದವರು ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಓಮದ ಕಷಾಯ ಸ್ವಲ್ಪ ಮಾಡ್ತೀಯಾ ಎಂದರು. ನಾನು ಚಾಕು ಕೆಳಗಿಟ್ಟೆ. ಓಮದ ಡಬ್ಬಿಗೆ ಕೈ ಹಾಕಲಿಲ್ಲ. ಬಾಗಿಲ ಬಳಿಯಿಂದ ಅವರ ಶೂ ತಂದು ಅವರ ಕಾಲ ಮುಂದಿಟ್ಟೆ, ನನ್ನ ಶೂಗಳನ್ನೂ ತಂದು ಪಕ್ಕದಲ್ಲಿಟ್ಟೆ.

“ಎಂತ ಇಲ್ಲ ಮಾರಾಯ್ತಿ” ಎಂದು ತೇಗಲು ನೋಡಿದರು. ತೇಗು ಬರಲಿಲ್ಲ.

ನಾನು ಕೂಗಾಡಲಿಲ್ಲ. ನೆಲದ ಮೇಲೆ ಕೂತು ನನ್ನ ಶೂ ಹಾಕಿಕೊಂಡೆ. “ಈ ಸಲ ನಾನೂ ನಿಮ್ಮ ಜೊತೆಗೇ ಇಳೀತೀನಿ. ಬಾಗಿಲಲ್ಲಿ ನಿಲ್ಸಿದ್ರೆ ಕುಕ್ಕರಿಗೆ ಆಡಿದ್ನಲ್ಲ, ಅದಕ್ಕಿಂತ ದೊಡ್ಡ ಜಗಳ ಆಡ್ತೀನಿ. ನಿಮ್ಮನ್ನ ಬಿಟ್ಟು ಹಡಗು ಎಲ್ಲೂ ಹೋಗಲ್ಲ.”

ಅವರು ನನ್ನ ಕಾಲಿನ ಶೂಗಳನ್ನು ನೋಡಿದರು.

“ನೋವು ಎಡಗೈಗೂ ಬಂದಿದೆ ಕಣೇ” ಎಂದರು.

ನಾನು ಮಾತ್ರೆಯನ್ನು ಅವರ ನಾಲಿಗೆಯ ಕೆಳಗಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಿದೆ. ವಿಳಾಸ ಹೇಳುತ್ತಿರುವಾಗ ತಿರುಗಿ ನೋಡಿದರೆ, ಅವರು ಬಗ್ಗಲಾಗದೆ ಕಾಲನ್ನಷ್ಟೇ ಮುಂದೆ ಚಾಚಿ ಶೂಗೆ ತೂರಿಸುತ್ತಿದ್ದರು.