ಅಶ್ವತ್ಥಕಟ್ಟೆಯ ಸುತ್ತು

ಆ ಬೆಳಿಗ್ಗೆ ಅಶ್ವತ್ಥಕಟ್ಟೆಯ ಸುತ್ತ ಮಂಜಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಬೇರಿಕೆ ಊರಿನ ಗುಲಾಬಿ ತೋಟದಲ್ಲಿ ಹುಳದ ಔಷಧಿ ಹೊಡೆಯುತ್ತಿದ್ದ ನನ್ನ ಗೆಳೆಯ ಮಾತ್ರ ನಿಜ. ಮೂಗಿಗೆ ಬಟ್ಟೆ ಕಟ್ಟಿಕೊ ಎಂದರೆ, "ಹೂವೇ ಬಾಡಲ್ಲ, ನಂಗೇನಾಯ್ತದ್ಲಾ" ಎಂದು ನಗುತ್ತ ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತಿದ್ದ. ಮಕ್ಕಳಾಗಲೆಂದು ಅವನ ಹೆಂಡತಿ ದಿನವೂ ಅಶ್ವತ್ಥಮರ ಸುತ್ತುತ್ತಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಅವನೇ ಸುತ್ತುತ್ತಿದ್ದಾನೆ, ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ.

"ಏನ್ಲಾ, ಹೆಂಗಸ್ರ ಹರಕೆ ನಿಂಗ್ಯಾಕೆ?" ಎಂದೆ.

"ಡಾಕ್ಟ್ರು ಈ ಸಲ ನನ್ನ ಟೆಸ್ಟ್ ಮಾಡುದ್ರು. ಕೊರತೆ ನಂದಂತೆ, ತೋಟದ ಔಷಧಿಯಿಂದ್ಲೂ ಇರ್ಬೋದಂತೆ. ಸುಮ್ನೆ ಇವ್ಳ ಕಾಲು ಸವೆಸ್ಬುಟ್ಟೆ."

"ಬಾಯ್ಮುಚ್ಕೊಂಡು ಸುತ್ತಿ, ಇನ್ನೂ ನಲವತ್ತವೆ," ಎಂದಳು ಅವಳು.

ಆಮೇಲೆ ಅವನು ತೋಟದ ಕೆಲಸ ಬಿಟ್ಟ. ಅವರಿಗೆ ಮಗುವಾಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.