ಸಂಬಂಧಪಟ್ಟವರು ಯಾರು?

ನಾನು ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ಹಳೆಯ ವಿದ್ಯಾರ್ಥಿನಿ ಒಂದು ದಿನ ಫೋನ್ ಮಾಡಿದಳು. "ಟೀಚರ್, ಹತ್ತು ವಾಕ್ಯ ಕನ್ನಡದಾಗ ಬರ್ದು ಕೊಡ್ರಿ. ಲಗೂ ಬೇಕಾಗ್ಯಾವು."

ಅಮರಗೋಳದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು ಚಹಾ, ನಾಷ್ಟಾದ ಚಿಲ್ಲರೆಯನ್ನು ಸಾದಾ ಫೋನಿನಿಂದಲೇ ಕೊಡುವ ವ್ಯವಸ್ಥೆ ತಯಾರಾಗುತ್ತಿತ್ತು. ಖಾತೆ ಸಹಕಾರಿ ಬ್ಯಾಂಕಿನದು, ಸಂದೇಶ ಹೋಗುವ ದಾರಿ ಫೋನ್ ಕಂಪನಿಯದು, ಎರಡನ್ನೂ ಜೋಡಿಸುವ ಕೆಲಸ ಇವಳ ಕಂಪನಿಯದು. ಒಂದು ಕಪ್ ಚಹಾಕ್ಕೆ ಇಷ್ಟು ಜನ ಬೇಕೇ ಎಂದು ನನಗೆ ಕುತೂಹಲ ಹುಟ್ಟಿತು.

ಹಮಾಲರ ಫೋನಿಗೆ ಹೋಗಬೇಕಾದ ಆ ಸಂದೇಶಗಳಲ್ಲಿ ಒಂಬತ್ತು ಸಲೀಸಾಗಿ ಮುಗಿದವು. ಹತ್ತನೆಯದು, 'ಹಣ ತಲುಪಿಲ್ಲ, ಸಂಬಂಧಪಟ್ಟವರನ್ನು ಸಂಪರ್ಕಿಸಿ.' ಅಲ್ಲಿ ಪೆನ್ನು ನಿಂತಿತು. ಅವರ ಸಭೆಗೇ ಹೋಗಿ ಕೇಳಿದೆ: "ಸಂಬಂಧಪಟ್ಟವರು ಅಂದ್ರ ಯಾರ್ರಿ?"

"ಮೆಸೇಜ್ ಹೋಗಲಿಲ್ಲಂದ್ರ ಫೋನ್ ಕಂಪನಿಯವರು," ಎಂದರು ಬ್ಯಾಂಕಿನ ಅಧಿಕಾರಿ.

"ಮೆಸೇಜ್ ಹೋಗಿ ರೊಕ್ಕ ಹೋಗಲಿಲ್ಲಂದ್ರ ಬ್ಯಾಂಕಿನವರು," ಎಂದರು ಫೋನ್ ಕಂಪನಿಯವರು.

"ಎರಡೂ ಹೋಗಿ ನಡುವ ಸಿಕ್ಕೊಂಡ್ರ ನಾವು, ಟೀಚರ್," ಎಂದಳು ನನ್ನ ವಿದ್ಯಾರ್ಥಿನಿ.

"ಎಲ್ಲಿ ಸಿಕ್ಕೊಂಡೈತಿ ಅಂತ ಹಮಾಲಗ ಹೆಂಗ ಗೊತ್ತಾಗಬೇಕ್ರಿ?" ಎಂದೆ.

ಜಗಳವೇನೂ ಇರಲಿಲ್ಲ, ಒಬ್ಬರ ಪರದೆಯಲ್ಲಿ ಏನು ಕಾಣುತ್ತದೆಂಬುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಊಟದ ಹೊತ್ತಿನವರೆಗೂ ಬೋರ್ಡಿನ ಮೇಲೆ ಗೆರೆ ಎಳೆದು ಒಬ್ಬರಿಗೊಬ್ಬರು ತಿಳಿಸಿಕೊಂಡರು. ಕೊನೆಗೆ ಒಂದೇ ನಂಬರು ಕೊಡೋಣ, ತಪ್ಪು ಎಲ್ಲಿದೆಯೆಂದು ಒಳಗೆ ನಾವೇ ಹುಡುಕೋಣ ಎಂದು ಒಪ್ಪಿದರು. ಕರೆಗೆ ಉತ್ತರಿಸಲು ಜನ ಸಿಗುವವರೆಗೆ ಬ್ಯಾಂಕಿನ ಅಧಿಕಾರಿ ತಮ್ಮ ಮೊಬೈಲ್ ನಂಬರನ್ನೇ ಕೊಟ್ಟರು.

ವ್ಯವಸ್ಥೆಯನ್ನು ಪರೀಕ್ಷಿಸುವ ದಿನ ನಾವೆಲ್ಲ ಮಾರುಕಟ್ಟೆಯ ಚಹಾದಂಗಡಿಯ ಮುಂದೆ ನಿಂತಿದ್ದೆವು. ಹಿರಿಯ ಹಮಾಲನೊಬ್ಬ ಅಂಗಡಿ ನಡೆಸುವ ಬೀಬಿಗೆ ಹತ್ತು ರೂಪಾಯಿ ಕಳಿಸಿದ. ತಲುಪಲಿಲ್ಲ. ಫೋನಿಗೆ ಬಂದ ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ ಅದರಲ್ಲಿದ್ದ ನಂಬರು ಒತ್ತಿದ. ಅಧಿಕಾರಿಯ ಜೇಬಿನಲ್ಲಿ ಮೊಬೈಲು ರಿಂಗಣಿಸಿತು.

"ಸಾಹೇಬ್ರ, ನೀವು ಎಲ್ಲಿಂದ ಮಾತಾಡಾಕತ್ತೀರಿ?"

"ನಿಮ್ಮ ಹಿಂದನ ನಿಂತೇನ್ರಿ ಯಜಮಾನ್ರ."

ಬೀಬಿ ಬಿದ್ದು ಬಿದ್ದು ನಕ್ಕಳು. ಆದರೆ ಅಧಿಕಾರಿ ನಗಲಿಲ್ಲ. ಫೋನ್ ಕಂಪನಿಯವರನ್ನೂ ನನ್ನ ವಿದ್ಯಾರ್ಥಿನಿಯನ್ನೂ ಕರೆದರು; ಮೂವರೂ ಒಂದೇ ಲ್ಯಾಪ್‌ಟಾಪಿಗೆ ಬಗ್ಗಿದರು. ಸಂದೇಶ ಎರಡು ಸಲ ಬಂದಿತ್ತು, ಹಣ ಎರಡು ಸಲ ಹೋದೀತೆಂದು ಬ್ಯಾಂಕು ಎರಡನ್ನೂ ತಡೆದಿತ್ತು. ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೀಬಿಯ ಫೋನು ಸದ್ದು ಮಾಡಿತು.

"ಬಂತ್ರಿ!" ಎಂದವಳು ನಮಗೆಲ್ಲ ಚಹಾ ಸೋಸತೊಡಗಿದಳು.